ಕರಜಗಿಯಲ್ಲಿ ಕೊಡದೆ ತಂದ ಫೋನು

ಬಶೀರ ಚಾಚಾಗೆ ನಾನು ಸುಳ್ಳು ಹೇಳಿದೆ. ಮರೆತದ್ದಲ್ಲ, ತಿಳಿಯದೆ ಆದದ್ದೂ ಅಲ್ಲ — ಅವರಿಗೆ ಕೊಡಬೇಕಾಗಿದ್ದ ಹೊಸ ಫೋನು ನನ್ನ ಕೈಚೀಲದಲ್ಲೇ ಇತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಅಫಜಲಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಹಳ್ಳಿಗಳಲ್ಲಿ ಆಗ ಇದ್ದದ್ದು ಹಿಡಿ ತಿರುಗಿಸುವ ಕರಿ ಫೋನು. ಅಲ್ಲಿ ಹಿಡಿ ತಿರುಗಿಸಿದರೆ ನನ್ನ ಬೋರ್ಡಿನಲ್ಲಿ ಗಂಟೆ. ನಾನು ಎತ್ತಿ, ಕೇಳಿದವರಿಗೆ ಜೋಡಿಸಿ ಕೊಡಬೇಕು. ಯಾರೂ ನಂಬರು ಹೇಳುತ್ತಿರಲಿಲ್ಲ. "ಶರಣಪ್ಪಾ, ಗೊಬ್ಬೂರದಾಗ ನಮ್ಮ ಅಕ್ಕನ ಮನಿಗೆ ಹಚ್ಚು" ಎಂದರೆ ಸಾಕು, ಯಾರ ಅಕ್ಕ, ಯಾವ ಮನೆ, ಎಲ್ಲ ನನಗೆ ಗೊತ್ತು. ಅದರ ಸೊಕ್ಕೂ ನನಗಿತ್ತು — ಇಲ್ಲವೆಂದರೆ ಅದು ಇನ್ನೊಂದು ಸುಳ್ಳಾದೀತು.

ಆಮೇಲೆ ತಾನೇ ಜೋಡಿಸುವ ಯಂತ್ರ ಬಂತು. ಒಂದು ಸೋಮವಾರದಿಂದ ನನ್ನ ಬೋರ್ಡು ಬಂದ್. ಹಿಡಿಯ ಫೋನು ಹೊಸ ಯಂತ್ರಕ್ಕೆ ನಡೆಯುವುದಿಲ್ಲ. ಅಷ್ಟರೊಳಗೆ ಮನೆಮನೆಗೂ ಹೊಸ ಫೋನು ಕೊಟ್ಟು ಬರುವ ಕೆಲಸ ನನಗೇ ಬಿತ್ತು. ಎಲ್ಲರಿಗೂ ಹಿಗ್ಗೋ ಹಿಗ್ಗು. "ಇನ್ನ ನಿನ್ನ ದಾರಿ ಕಾಯೂದ ತಪ್ಪಿತ ನೋಡೋ" ಎಂದು ಕರಜಗಿಯ ಗೌಡರು ನಕ್ಕರು. ನಾನೂ ಹಲ್ಲು ಕಿಸಿದೆ. ಇನ್ನು ನಾನಿರುವುದಿಲ್ಲ ಎಂಬುದು ಒಬ್ಬರಿಗೂ ಕೊರತೆ ಅನ್ನಿಸಲಿಲ್ಲ.

ಕೊನೆಯ ಮನೆ ಅದೇ ಊರಿನ ಬೆಲ್ಲದ ವ್ಯಾಪಾರಿ ಬಶೀರ ಚಾಚಾ ಅವರದು. ಅವರ ಹೆಂಡತಿಗೆ ಉಬ್ಬಸ. ಉಸಿರು ಕಟ್ಟಿದಾಗಲೆಲ್ಲ ಅಫಜಲಪುರದಿಂದ ಡಾಕ್ಟರನ್ನು ಕರೆಸುತ್ತಿದ್ದದ್ದು ಆ ಫೋನಿನಿಂದ, ನನ್ನ ಕೈಯಿಂದ. ಅದೂ ನನಗೆ ಗೊತ್ತಿತ್ತು. ಅವತ್ತು ಚಹಾ ಕೊಟ್ಟವರೂ ಆ ಚಾಚಿಯೇ.

"ಹೊಸಾದು ನಮಗ್ಯಾಕೋ ಶರಣಪ್ಪ?" ಎಂದರು ಚಾಚಾ. "ಹಿಡಿ ತಿರಗಿಸಿದ್ರ ನೀ ಸಿಗ್ತಿ. ಅಷ್ಟ ಬಸ್."

ಆಗ ನನಗೇನಾಯಿತೋ — ಒಬ್ಬರಾದರೂ ಹಿಡಿ ತಿರುಗಿಸಿ, ನಾನಿಲ್ಲವೆಂದು ಪೇಚಾಡಲಿ ಅನ್ನಿಸಿತು. ಒಂದೇ ದಿನ. ಮರುದಿನ ಬಸ್ಸು ಹತ್ತಿ ನನ್ನ ಹತ್ತಿರ ಬಂದು, ನೀನಿಲ್ಲದೆ ನಡೆಯುವುದಿಲ್ಲ ಅನ್ನಲಿ, ಆಗ ಕೊಟ್ಟರಾಯಿತು...

"ನಿಮ್ಮದು ಹಿಂಗ ನಡೀತದ್ರಿ ಚಾಚಾ," ಎಂದೆ. "ಹಿಡಿ ತಿರಗಸ್ರಿ, ನಾ ಎತ್ತತೇನಿ."

ಫೋನು ಎಲ್ಲರಿಗೂ ಮುಟ್ಟಿತೇ ಎಂದು ಎಕ್ಸ್‌ಚೇಂಜಿನ ಸಾಹೇಬರು ಕೇಳಿದಾಗ "ಹೌದ್ರಿ" ಎಂದೆ.

ಸೋಮವಾರ ಸತ್ತ ಬೋರ್ಡಿನ ಮುಂದೆ ಕೂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅಳುಕು ಶುರುವಾಯಿತು — ಈಗಲೇ ಹೋಗಿ ಕೊಟ್ಟು ಬಂದುಬಿಡಲೇ? ಫೋನಿದ್ದ ಕೈಚೀಲ ಎತ್ತಿಕೊಂಡೆ. ಬಾಗಿಲವರೆಗೆ ಹೋದೆ. ದಿನವೊಂದು ಪೂರ್ತಿ ಆಗಲಿ ಎಂದು ಮತ್ತೆ ಬಂದು ಕೂತೆ.

ಅದೇ ಹೊತ್ತಿಗೆ ಕರಜಗಿಯಲ್ಲಿ ಚಾಚಿಗೆ ಉಸಿರು ಕಟ್ಟಿತ್ತು. ಗೌಡರ ಮನೆಯ ಫೋನಿಗೆ ಓಡೋಣವೆಂದು ಮಗಳು ಅಂಗಲಾಚಿದಳಂತೆ. "ತಡಿ ಬೇಟಿ, ಶರಣಪ್ಪ ಎತ್ತತಾನ. ಎತ್ತತೇನಿ ಅಂದಾನ" ಎನ್ನುತ್ತ ಚಾಚಾ ತಿರುಗಿಸುತ್ತಲೇ ಇದ್ದರಂತೆ. ಕೊನೆಗೆ ಮಗಳೇ ಓಡಿದಳು. ಡಾಕ್ಟರ ಜೀಪು ಬರುವಷ್ಟರಲ್ಲಿ ಚಾಚಿ ಹೋಗಿಬಿಟ್ಟಿದ್ದರು.

ಬೇಗ ಬಂದಿದ್ದರೂ ಉಳಿಯುತ್ತಿರಲಿಲ್ಲವೇನೋ — ಈ ಮಾತನ್ನು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಈಗ ಹೇಳಿಕೊಳ್ಳುವುದಿಲ್ಲ.

ಮರುದಿನ ಮಣ್ಣಿಗೆ ಹೋದಾಗ ಚಾಚಾ ನನ್ನ ಎರಡೂ ಕೈ ಹಿಡಿದುಕೊಂಡರು. ಮಗಳು ನನ್ನನ್ನೇ ನೋಡುತ್ತಿದ್ದಳು. ಬಯ್ಯಲಿ, ಹೊಡೆಯಲಿ ಎಂದು ಕಾದೆ.

"ಮಷೀನ ಕೆಟ್ಟಿತ್ತೇನೋ ನಿನ್ನಿ," ಎಂದರು. "ನೀ ಇದ್ದಿದ್ರ ಎತ್ತೇ ಎತ್ತತಿದ್ದಿ. ನೀ ಇಲ್ಲದ ನಡಿಯಂಗಿಲ್ಲೋ ಶರಣಪ್ಪ."

ಯಾವ ಮಾತಿಗಾಗಿ ಸುಳ್ಳು ಹೇಳಿದ್ದೆನೋ ಆ ಮಾತು ಕೇಳಿದೆ. ತಲೆ ತಗ್ಗಿಸಿ, "ಹೌದ್ರಿ ಚಾಚಾ" ಎಂದೆ.

ಚಾಚಾ ಇನ್ನೂ ಇದ್ದಾರೆ. ಕಿವಿ ಪೂರಾ ಮಂದವಾಗಿದೆಯಂತೆ. ನಾಳೆ ಕರಜಗಿಗೆ ಹೋಗುತ್ತೇನೆ. ಅವರಿಗೆ ಕೇಳಿಸಬೇಕೆಂದರೆ ಕೂಗಿ ಹೇಳಬೇಕು. ಮಗಳಿಗೂ ಕೇಳಿಸುತ್ತದೆ, ಇಡೀ ಓಣಿಗೂ ಕೇಳಿಸುತ್ತದೆ. ಕೂಗಿಯೇ ಹೇಳುತ್ತೇನೆ.