ದಾಯ್ ಮುದುಕಿ ಕಟ್ಟಿದ ನೂಲು

ನಲವತ್ತರ ದಶಕ, ಯುದ್ಧದ ಕೊನೆಯ ಕಾಲ. ದಂಡಿನಲ್ಲಿ ಹೇಸರಗತ್ತೆ ನೋಡಿಕೊಳ್ಳುವವನಾಗಿ ಬರ್ಮಾದ ಗಡಿ ಸೇರಿದಾಗ ನನಗೆ ಇಪ್ಪತ್ತೆರಡು ವರ್ಷ. ಹಾನಗಲ್ಲ ಸೀಮೆಯ ಭತ್ತದ ಗದ್ದೆಯಲ್ಲಿ ಬೆಳೆದ ನನಗೆ ಅಲ್ಲಿಯ ಹೊಳೆದಂಡೆಯ ಊರು ಪರದೇಶ ಅನ್ನಿಸಲೇ ಇಲ್ಲ. ಅದೇ ಕೆಸರು, ಅದೇ ಎಮ್ಮೆ. ಮನೆಗಳು ಮಾತ್ರ ಬಿದಿರ ಕಂಬಗಳ ಮೇಲೆ. ಕೆಳಗೆ ದನ, ಮೇಲೆ ಜನ. ತಮ್ಮನ್ನು ದಾಯ್ ಎಂದು ಕರೆದುಕೊಳ್ಳುವ ಆ ಜನ ಎಲೆ ಅಡಿಕೆ ಜಗಿದು ಹಲ್ಲು ಕರ್ರಗೆ ಮಾಡಿಕೊಂಡಿದ್ದರು. ನನ್ನ ಜೊತೆಗಿದ್ದ ಸವಣೂರಿನವನು ಅವರ ಎಲೆ ಬಾಯಿಗಿಟ್ಟು, "ಥೂ, ಇದೂ ಒಂದು ಎಲಿ ಏನಲೇ? ನಮ್ಮ ತ್ವಾಟದಾಗ ಇದನ್ನ ದನಾನೂ ಮೂಸಂಗಿಲ್ಲ" ಅಂದ. ಆದರೂ ದಿನಾ ಜಗಿಯುತ್ತಿದ್ದ.

ಅಲ್ಲಿ ನನಗೆ ಚಳಿಜ್ವರ ಹಿಡಿಯಿತು. ಒಬ್ಬ ಮುದುಕಿಯ ಮನೆಯಲ್ಲಿ ಹನ್ನೊಂದು ದಿನ ಮಲಗಿದ್ದೆ. ಗಂಜಿ ತಂದಿಡುತ್ತಿದ್ದವಳು ಆಕೆಯ ಮಗಳು, ಮದುವೆಯ ವಯಸ್ಸಿಗೆ ಬಂದ ಹುಡುಗಿ. ಜ್ವರ ಬಿಟ್ಟ ಮರುದಿನ ಬೆಳಿಗ್ಗೆ ಓಣಿಯ ಹೆಂಗಸರೆಲ್ಲ ಬಂದು ಕೂತರು. ಮಗಳು ಅನ್ನದ ಉಂಡೆ, ಬೇಯಿಸಿದ ಮೊಟ್ಟೆ, ಹೂವು ಇದ್ದ ತಟ್ಟೆ ಹಿಡಿದಳು. ಮುದುಕಿ ಏನೋ ರಾಗವಾಗಿ ಹೇಳುತ್ತ ನನ್ನ ಮುಂಗೈಗೆ ಬಿಳಿ ನೂಲು ಕಟ್ಟಿದಳು. ಎಲ್ಲರೂ ನಕ್ಕರು. ಏಣಿ ಹತ್ತಿ ಬಂದ ಸವಣೂರಿನವನು, "ಅಲ್ಲೋ, ಕಂಕಣ ಕಟ್ಟಿಸಿಕೊಂಡೇ ಬಿಟ್ಟಿ! ಆತು ಬಿಡು, ಮನಿ ಅಳಿಯಾ ಆದಿ. ಇಲ್ಲಿ ಗಂಡಸ್ರು ಹೆಣ್ಣಿನ ಮನ್ಯಾಗ ಇರ್ತಾರಂತ" ಅಂದ.

ಚಿಕ್ಕೇರೂರಿನ ಸೋದರಮಾವನ ಮಗಳೊಂದಿಗೆ ನನ್ನ ಲಗ್ನ ನಿಶ್ಚಯವಾಗಿತ್ತು. ನಮ್ಮಲ್ಲಿ ಕಂಕಣ ಕಟ್ಟಿದರೆಂದರೆ ಮುಗಿಯಿತು, ಹಿಂದೆ ಸರಿಯುವಂತಿಲ್ಲ. ಅವ್ವನಿಗೆ ಯಾವ ಮುಖ ತೋರಿಸಲಿ? ಹೆಂಗಸರು ಇಳಿದು ಹೋಗುವುದನ್ನೇ ಕಾದು, ಚಾಕು ತೆಗೆದು ನೂಲು ಕತ್ತರಿಸಿ ಒಲೆಗೆ ಎಸೆದೆ. ಮುದುಕಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಲ್ಲೇ ಕುಸಿದು ಕೂತು ಅಳತೊಡಗಿದಳು.

ಊರಲ್ಲಿ ಹಿಂದೂಸ್ತಾನಿ ಬಲ್ಲ ಒಬ್ಬ ವ್ಯಾಪಾರಿಯಿದ್ದ. ಸವಣೂರಿನವನು ಅವನನ್ನು ಕೇಳಿಕೊಂಡು ಬಂದಾಗ ಮುಖ ಸಪ್ಪಗಾಗಿತ್ತು.

"ಲಗ್ನ ಅಲ್ಲಲೇ ಅದು. ಚ್ಯಾಷ್ಟಿ ಮಾಡಾಕ ಹೋಗಿ ನಾನ ತಪ್ಪು ಮಾಡ್ದೆ. ಜಡ್ಡು ಬಂದಾಗ ಮನಷ್ಯಾನ ಜೀವ ಅಡವ್ಯಾಗ ದಾರಿ ತಪ್ಪತೈತಂತ. ಅದನ್ನ ಕರದು ತಂದು ನಿನ್ನ ಕೈಗೆ ಕಟ್ಟಿದ್ಳು. ನೀ ಕತ್ತರಿಸಿ ಒಗದಿ."

"ಇನ್ನೊಮ್ಮೆ ಕಟ್ಟಂತ ಹೇಳು."

"ಅದು ಇಲ್ಲಿ ಬುದ್ಧನ ಗುಡಿ ಸನ್ಯಾಸಿಗಳು ಮಂತ್ರಿಸಿದ ನೂಲು. ಅವ್ರು ಗುಂಡಿಗೆ ಅಂಜಿ ಊರು ಬಿಟ್ಟಾರ, ಹೊಸಾದು ಸಿಗಂಗಿಲ್ಲ. ಆಕಿ ಹತ್ರ ಇನ್ನ ಒಂದ ಎಳಿ ಐತಿ. ಯಾವುದೋ ದಂಡಿನವ್ರು ಆಕಿ ಮಗನ್ನ ಸಾಮಾನು ಹೊರಾಕ ಹಿಡಕೊಂಡು ಹೋಗ್ಯಾರ. ಅವ ಬಂದ್ರ ಕಟ್ಟಾಕಂತ ಇಟ್ಟಾಳ."

ಮರುದಿನ ನಮ್ಮ ತುಕಡಿ ಹೊರಡುವುದಿತ್ತು. ಗುಡ್ಡದ ಆಚೆ ಗುಂಡಿನ ಸಪ್ಪಳ ನಿಂತಿರಲಿಲ್ಲ. ಇಂಥದ್ದನ್ನೆಲ್ಲ ನಂಬುವುದಿಲ್ಲವೆಂದು ಊರಲ್ಲಿ ಜಂಬ ಕೊಚ್ಚುತ್ತಿದ್ದವನು ನಾನು. ಆವತ್ತು ಜೀವ ಪುಕುಪುಕು ಅಂದಿತು. ಮುದುಕಿಯ ಮುಂದೆ ಹೋಗಿ ಕೈ ಚಾಚಿದೆ. ಆಕೆ ನನ್ನ ಕೈ ನೋಡಿದಳು, ಬಾಗಿಲಾಚೆಯ ದಾರಿ ನೋಡಿದಳು. ಆಮೇಲೆ ಬಿದಿರಿನ ಕೊಳವೆಯಿಂದ ಆ ಎಳೆ ತೆಗೆದಳು.

ನಾನು ಬೇಡ ಅನ್ನಬಹುದಿತ್ತು. ಮಗನಿಗೇ ಇರಲಿ ಅನ್ನಬಹುದಿತ್ತು. ನಾನು ಅಂಗಿಯ ತೋಳು ಮೇಲೇರಿಸಿ, ಗಂಟು ಬಿಗಿಯಾಗಿ ಹಾಕೆಂದು ಸನ್ನೆ ಮಾಡಿದೆ.