ಅಪ್ಪಾಸಾಹೇಬರ ಮೌನ, ಭಿಕಾಜಿಯ ತುತ್ತು

ಭಿಕಾಜಿ ಪರಬನಿಗೆ ಇದ್ದದ್ದು ಒಂದೇ ಚಟ, ತಿನ್ನುವುದು. ಮಾಲವಣದ ಕಡಲತಡಿಯಲ್ಲಿ ಬಂಗಡೆ, ತೊರಕೆ ಮೀನು ತಿಂದು ಬೆಳೆದವನು ಮುಂಬಯಿಯ ಲಾಲಬಾಗಿಗೆ ಬಂದು ಗೋಗಟೆ ಅಪ್ಪಾಸಾಹೇಬರ ನಾಟಕ ಕಂಪನಿ ಸೇರಿ ಮೂವತ್ತೊಂದು ವರ್ಷವಾಗಿತ್ತು. ಕಂಪನಿ ಯಾವ ಊರಿಗೆ ಹೋಗಲಿ, ನಾಟಕದ ಥಿಯೇಟರು ಎಲ್ಲಿದೆ ಎಂದು ಉಳಿದವರು ವಿಚಾರಿಸುತ್ತಿರುವಾಗಲೇ ಅವನು ಭಜಿ ಕರಿಯುವವನ ಬಾಣಲೆ ಮುಂದೆ ನಿಂತಿರುತ್ತಿದ್ದ. ಹಾಗೆಂದು ಮೈ ಬಂದಿರಲಿಲ್ಲ. ಸೆಟ್ಟು ಹೊತ್ತು, ಸಿಂಹಾಸನಕ್ಕೆ ಮೊಳೆ ಹೊಡೆದು, ರಾಜನ ಮುಂಡಾಸಕ್ಕೆ ಇಸ್ತ್ರಿ ಹಾಕಿ ತಿಂದದ್ದೆಲ್ಲ ಕರಗಿಹೋಗುತ್ತಿತ್ತು.

ಇದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿತ್ತು. ಅದನ್ನು ಜಾಹೀರಾತಿನಲ್ಲಿ ಹಾಕುವಂತಿರಲಿಲ್ಲ. ರಂಗದ ಪಕ್ಕದ ಮರೆಯಲ್ಲಿ, ಸೈಡ್ ವಿಂಗಿನಲ್ಲಿ, ನಾಟಕದ ಪುಸ್ತಕ ಹಿಡಿದು ನಿಂತು ಅಪ್ಪಾಸಾಹೇಬರಿಗೆ ಮಾತು ಹೇಳಿಕೊಡುವುದು. ಅಪ್ಪಾಸಾಹೇಬರು ಒಂದೇ ಐತಿಹಾಸಿಕ ನಾಟಕದಲ್ಲಿ ಒಂದೇ ರಾಜನಾಗಿ ಇಪ್ಪತ್ತೆರಡು ವರ್ಷ ಮೆರೆದಿದ್ದರು. ರಾಜನಿಗೆ ನಲವತ್ತೇ ದಾಟಿರಲಿಲ್ಲ, ಅಪ್ಪಾಸಾಹೇಬರಿಗೆ ಅರವತ್ತಮೂರು ನಡೆಯುತ್ತಿತ್ತು. "ಈ ಪಾತ್ರ ನನ್ನ ರಕ್ತದೊಳಗ ಇಳದದ" ಎಂದು ಪತ್ರಿಕೆಯವರಿಗೆ ಹೇಳುತ್ತಿದ್ದರು. ರಕ್ತಕ್ಕೆ ಇಳಿದ ಮೂರನೇ ಅಂಕ ನಾಲಿಗೆಗೆ ಏರಬೇಕಾದರೆ ಮಾತ್ರ ಭಿಕಾಜಿ ಪಿಸುಗುಡಬೇಕಾಗಿತ್ತು.

ಇಂಥ ಕಂಪನಿಗೆ ಜಾರ್ಜಿಯಾ ದೇಶದ ಕುತಾಯಿಸಿ ಎಂಬ ಊರಿನ ನಾಟಕೋತ್ಸವದಿಂದ ಕರೆ ಬಂತು. ಹೊರಡುವ ಮುನ್ನ ಅಪ್ಪಾಸಾಹೇಬರು ಹದಿನಾಲ್ಕು ಮಂದಿಯನ್ನೂ ತಾಲೀಮು ಕೋಣೆಯಲ್ಲಿ ಕೂಡಿಸಿ ಭಾಷಣ ಮಾಡಿದರು.

"ನೋಡ್ರಿ, ನಾವು ಹೋಗೂದು ಕಲಾ ತೋರಸಾಕ, ತಿನ್ನಾಕಲ್ಲ. ಅಲ್ಲಿದು ಏನೂ ಮುಟ್ಟಬಾರದು. ಬಾಯಿ ಕೆಟ್ಟರ ಧ್ವನಿ ಕೆಡತದ, ಧ್ವನಿ ಕೆಟ್ಟರ ಮಹಾರಾಷ್ಟ್ರದ ಮರ್ಯಾದಿ ಕೆಡತದ. ಅಕ್ಕಿ ಒಯ್ಯೋಣು, ಮೆತಕೂಟ ಒಯ್ಯೋಣು. ಭಿಕೂ ಅನ್ನ ಮಾಡತಾನ."

"ಅಲ್ರಿ, ಹನ್ನೊಂದು ದಿನಾನೂ ಮೆತಕೂಟ ಅನ್ನಾನೇ?" ಎಂದಳು ಸುನೇತ್ರಾ. ಅವಳು ನಾಟಕದ ರಾಣಿ, ಬಾಯಿ ಸ್ವಲ್ಪ ಜೋರು.

"ತುಪ್ಪಾನೂ ಇರತದ" ಎಂದರು ಅಪ್ಪಾಸಾಹೇಬರು.

ಒಂಬತ್ತು ಕಿಲೋ ಮೆತಕೂಟ, ಅಂದರೆ ಬೇಳೆಕಾಳು ಹುರಿದು ಬೀಸಿದ ಹಳದಿ ಪುಡಿ, ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ, ಜಾಗ ಸಾಲದೆ ಕತ್ತಿ ಗುರಾಣಿಗಳ ಟ್ರಂಕಿನಲ್ಲಿ ಅಡಗಿತು. ಆ ದೇಶದ ವಿಮಾನ ನಿಲ್ದಾಣದಲ್ಲಿ ಕತ್ತಿಯ ನಡುವೆ ಹಳದಿ ಪುಡಿಯ ಚೀಲಗಳನ್ನು ಕಂಡ ಅಧಿಕಾರಿಗಳ ಮುಖ ಹೇಗಾಗಿರಬೇಡ. ಅಪ್ಪಾಸಾಹೇಬರು ತಣ್ಣಗೆ ಎರಡು ಹೆಜ್ಜೆ ಹಿಂದೆ ಸರಿದು, "ಟ್ರಂಕು ಅವಂದು" ಎಂದು ಭಿಕಾಜಿಯತ್ತ ಕೈ ಮಾಡಿದರು. ನಾಯಿ ಬಂತು. ಮೂಸಿತು. ಏಳು ಸಲ ಸೀನಿತು. ಕಡೆಗೆ ಒಬ್ಬ ಅಧಿಕಾರಿ ತಿಂದು ತೋರಿಸು ಎಂದು ಸನ್ನೆ ಮಾಡಿದ. ತಿನ್ನು ಎಂದವರಿಗೆ ಇಲ್ಲವೆನ್ನಲು ಗೊತ್ತಿಲ್ಲದ ಭಿಕಾಜಿ ಒಣ ಪುಡಿಯನ್ನೇ ಮೂರು ಹಿಡಿ ಮುಕ್ಕಿ, ನೀರು ಬೇಡಿ ಕುಡಿದು, ಕೈ ಒರೆಸಿಕೊಂಡ. ಕಂಪನಿ ದೇಶದೊಳಗೆ ಕಾಲಿಟ್ಟಿತು.

ಹೋಟೆಲಿನ ಕೋಣೆಯಲ್ಲಿ ಕುಕ್ಕರಿನ ವೈರು ಚುಚ್ಚಿದ ಮೊದಲ ದಿನವೇ ಮೂರು ಅಂತಸ್ತಿನ ದೀಪ ಒಮ್ಮೆಗೇ ಹೋಯಿತು. ಲಿಫ್ಟಿನಲ್ಲಿ ಕಂಪನಿಯ ಮ್ಯಾನೇಜರ್ ಪೇಂಡಸೆ ಸಿಕ್ಕಿಬಿದ್ದು ಮುಕ್ಕಾಲು ಗಂಟೆ ರಾಮರಕ್ಷೆ ಹೇಳಿದ. ಹೋಟೆಲಿನವರು ಕುಕ್ಕರನ್ನು ಎತ್ತಿಕೊಂಡು ಹೋಗಿ, ಹೊರಡುವ ದಿನ ಕೊಡುತ್ತೇವೆ ಎಂದರು. ಅರೆಬೆಂದ ಅಕ್ಕಿಗೆ ಮೆತಕೂಟ ಕಲಸಿ ಅಪ್ಪಾಸಾಹೇಬರು ಎಲ್ಲರಿಗೂ ಒಂದೊಂದು ಉಂಡೆ ಹಂಚಿದರು.

ಭಿಕಾಜಿ ಆ ಉಂಡೆಯನ್ನು ತಿಂದೇ ಥಿಯೇಟರಿಗೆ ಹೋದ. ಅಲ್ಲಿ ಸೆಟ್ಟು ಎತ್ತಲು ಅವನ ಜೊತೆಗೆ ಕೊಟ್ಟಿದ್ದು ಝಾಝಾ ಎಂಬ ಆಳೆತ್ತರದ, ಆಳಗಲದ ಬಡಗಿಯನ್ನು. ಇವನಿಗೆ ಅವನ ಮಾತು ಬಾರದು, ಅವನಿಗೆ ಇವನದು ಬಾರದು. ಈಕಾ ಎಂಬ ದುಭಾಷಿ ಹುಡುಗಿ ಪುಸ್ತಕದಿಂದ ಹಿಂದಿ ಕಲಿತವಳು. "ಪರಬ ಮಹೋದಯರೇ, ಝಾಝಾ ಅವರು ತಮ್ಮ ಉದರವು ತುಂಬಿದೆಯೇ ಎಂದು ಪ್ರಶ್ನಿಸುತ್ತಿದ್ದಾರೆ" ಎಂದಳು. ಭಿಕಾಜಿ ಹೊಟ್ಟೆ ತಟ್ಟಿ ತೋರಿಸಿದ. ಡೊಳ್ಳಿನ ಹಾಗೆ ಸದ್ದು ಬಂತು. ಝಾಝಾ ಸುತ್ತಿಗೆ ಕೆಳಗಿಟ್ಟು ಅವನ ರಟ್ಟೆ ಹಿಡಿದುಕೊಂಡು ನಡೆದೇಬಿಟ್ಟ.

ಥಿಯೇಟರಿನ ಹಿಂದೆ ನಾನುಲಿ ಎಂಬ ಮುದುಕಿಯ ಕ್ಯಾಂಟೀನಿತ್ತು. ಅವಳು ಮೊದಲು ಮಣ್ಣಿನ ಗಡಿಗೆಯಲ್ಲಿ ಕೊತ್ತಂಬರಿ ಹಾಕಿ ಬೇಯಿಸಿದ ಕೆಂಪು ಕಾಳು ಕೊಟ್ಟಳು. ಹೆಸರು ಲೋಬಿಯೊ. "ಇದು ನಮ್ಮ ಕಾಳಿನ ಉಸಳ ಆತಲ್ಲ" ಎಂದ ಭಿಕಾಜಿ. ಆಮೇಲೆ ಬಿಸಿ ರೊಟ್ಟಿಯೊಳಗೆ ಗಿಣ್ಣಿನಂಥ ಚೀಸು ತುಂಬಿದ್ದು ಬಂತು, ಖಾಚಾಪುರಿ. "ಹೆಸರಿನಾಗೇ ಪೂರಿ ಐತಿ, ಪರದೇಶದ್ದು ಹೆಂಗಾತು?" ಹುಳಿ ಪ್ಲಮ್ಮಿನ ಚಟ್ನಿ ನೆಕ್ಕಿದಾಗ ಊರಿನ ಕೋಕಮ್ ನೆನಪಾಗಿ ಕಣ್ಣು ಒದ್ದೆಯಾಯಿತು. ಕಡೆಗೆ ಖಿಂಕಾಲಿ. ತೆಳ್ಳಗೆ ಲಟ್ಟಿಸಿದ ಹಿಟ್ಟಿನೊಳಗೆ ಕೊಚ್ಚಿದ ಮಾಂಸವಿಟ್ಟು, ನಿರಿಗೆ ಹಿಡಿದು, ಮೇಲೆ ಜುಟ್ಟು ಕಟ್ಟಿ ಬೇಯಿಸಿದ್ದು. ನೋಡಿದರೆ ಥೇಟು ಗಣಪತಿಯ ಮೋದಕ. ಜುಟ್ಟು ಹಿಡಿದು ತಲೆಕೆಳಗು ಮಾಡಿ, ಸಣ್ಣಗೆ ಕಚ್ಚಿ, ಒಳಗಿನ ಸಾರನ್ನು ಮೊದಲು ಹೀರಬೇಕು. ಜುಟ್ಟನ್ನು ತಿನ್ನಬಾರದು, ತಟ್ಟೆಯಲ್ಲಿ ಬಿಡಬೇಕು. ಎಷ್ಟು ಜುಟ್ಟೋ ಅಷ್ಟು ಗಂಡಸುತನ. ಝಾಝಾ ಹತ್ತೊಂಬತ್ತು ಬಿಟ್ಟ. ಭಿಕಾಜಿ ಹದಿನಾರು ಬಿಟ್ಟು, ಹೊಸಬನೆಂದು ಕ್ಷಮೆ ಕೇಳಿದ.

ಮೂರು ದಿನ ಇದೇ ನಡೆಯಿತು. ಎರಡನೇ ದಿನ ಸುನೇತ್ರಾ ಬಂದು ಸೇರಿದಳು. "ಭಿಕೂಕಾಕಾ, ಅಪ್ಪಾಸಾಹೇಬ್ರಿಗೆ ಹೇಳಿದ್ರ ನನ್ನ ಮ್ಯಾಲೆ ಆಣಿ ನೋಡ್ರಿ" ಎಂದು ಎರಡು ತಟ್ಟೆ ಲೋಬಿಯೊ ಬಳಿದಳು. ಅಪ್ಪಾಸಾಹೇಬರು ಮಾತ್ರ ಕೋಣೆಯಲ್ಲಿ ನಲ್ಲಿಯ ಬಿಸಿನೀರಿನಲ್ಲಿ ಅವಲಕ್ಕಿ ನೆನೆಸಿಕೊಂಡು, ಪೇಂಡಸೆಗೂ ಅದನ್ನೇ ತಿನ್ನಿಸುತ್ತಿದ್ದರು.

ನಾಟಕದ ದಿನ ಮಧ್ಯಾಹ್ನ ಉತ್ಸವದವರು ಔತಣವಿಟ್ಟರು. ಉದ್ದನೆಯ ಮೇಜು. ಅಲ್ಲಿಯ ಪದ್ಧತಿಯಂತೆ ಒಬ್ಬ ಹಿರಿಯ ಎದ್ದು ನಿಂತು ಪ್ರತಿ ಗುಟುಕಿಗೂ ಭಾಷಣ ಮಾಡುತ್ತಾನೆ, ಶಾಂತಿಗೆ ಒಂದು, ತಾಯಂದಿರಿಗೆ ಒಂದು, ಸತ್ತವರಿಗೆ ಒಂದು. ಕೊಂಬಿನಲ್ಲಿ ಹುಯ್ದ ವೈನನ್ನು ಕೆಳಗಿಡುವಂತಿಲ್ಲ, ಇಟ್ಟರೆ ಚೆಲ್ಲುತ್ತದೆ. ಅಪ್ಪಾಸಾಹೇಬರು ಮೂಸಿ ನೋಡಿ, "ಇದು ನಮ್ಮ ದ್ರಾಕ್ಷಾಸವ. ಆಯುರ್ವೇದದಾಗ ಹೇಳ್ಯಾರ" ಎಂದು ಶಾಸ್ತ್ರಾಧಾರ ಹುಡುಕಿಕೊಂಡು ನಾಲ್ಕು ಕೊಂಬು ಔಷಧಿ ಸೇವಿಸಿದರು.

ಅಷ್ಟರಲ್ಲಿ ಖಿಂಕಾಲಿಯ ಹರಿವಾಣಗಳು ಬಂದವು. ಅಪ್ಪಾಸಾಹೇಬರ ಕಣ್ಣು ಅರಳಿತು. ಎದ್ದು ನಿಂತರು.

"ಬಂಧುಗಳೇ, ಇದನ್ನ ನೀವು ಏನರೆ ಅನ್ರಿ. ಇದು ಮೋದಕ. ನಮ್ಮ ಗಣಪತಿ ಸಾವಿರಾರು ವರ್ಷದ ಹಿಂದನ ನಿಮ್ಮ ಊರಿಗೆ ಬಂದು ಉಂಡು ಹೋಗ್ಯಾನ. ಜಗತ್ತಿಗೆ ಉಣ್ಣೂದು ಕಲಿಸಿದವರು ನಾವು."

ಈಕಾ ಇದನ್ನು ಎಷ್ಟರಮಟ್ಟಿಗೆ ಅನುವಾದಿಸಿದಳೋ, ಆ ಜನ ವಿನಯದಿಂದ ಚಪ್ಪಾಳೆ ತಟ್ಟಿದರು. ಮೇಜಿನ ತುದಿಯಲ್ಲಿ ಆಗಷ್ಟೇ ಕುಳಿತಿದ್ದ ಭಿಕಾಜಿಗೆ ಕೂರಲಾಗಲಿಲ್ಲ. ಹಿಂದಿನಿಂದ ಬಂದು ಕಿವಿಯಲ್ಲಿ ಹೇಳಿದ.

"ಅಪ್ಪಾಸಾಹೇಬ್ರ, ಅದು ಮೋದಕ ಅಲ್ರಿ. ಒಳಗ ಬ್ಯಾರೇ ಐತಿ."

"ಮೋದಕ ಅಂದ್ರೇನಂತ ಗೋಗಟೆ ಮನಿತನದವಗ ನೀ ಕಲಸ್ತೀಯೇನು?"

"ಹಂಗಲ್ರಿ, ನಾ ತಿಂದು..." ಎಂದವನು ನಾಲಿಗೆ ಕಚ್ಚಿಕೊಂಡ.

"ಏನಂದಿ?"

"ಏನಿಲ್ರಿ."

"ನಡಿ ಇಲ್ಲಿಂದ. ಹೋಗಿ ಮುಂಡಾಸಕ್ಕ ಇಸ್ತ್ರಿ ಮಾಡು."

ತುತ್ತೂ ಮುಟ್ಟದೆ ಭಿಕಾಜಿ ಹೊರಟ. ಬಾಗಿಲು ದಾಟುವಾಗ ತಿರುಗಿ ನೋಡಿದರೆ, ಅಪ್ಪಾಸಾಹೇಬರು ಮೋದಕಕ್ಕೆ ಫೋರ್ಕು ಚುಚ್ಚಿದ್ದರು. ಒಳಗಿದ್ದ ಸಾರು ಪಿಚಕಾರಿಯ ಹಾಗೆ ಎದ್ದು ರೇಶ್ಮೆ ಕುರ್ತಾದ ಎದೆಗೆ ಬಿದ್ದಿತ್ತು.

ಮುಂದಿನದು ಸುನೇತ್ರಾಳ ಬಾಯಿಂದ ಅವನಿಗೆ ಗೊತ್ತಾದದ್ದು. ಹುಟ್ಟಿದಾಗಿನಿಂದ ಮಾಂಸ ಮುಟ್ಟದ ಅಪ್ಪಾಸಾಹೇಬರು ಮೊದಲನೆಯದನ್ನು ಬಾಯಿಗಿಟ್ಟು ಅಗಿಯುವುದನ್ನು ನಿಲ್ಲಿಸಿದರು. ಮೇಜಿನ ಇಡೀ ಮರಾಠಿ ಭಾಗ ಉಸಿರು ಹಿಡಿಯಿತು. "ಇದರೊಳಗ ಏನದ?" ಎಂದು ಕೇಳಿದರು. "ಹಂದಿಯ ಮಾಂಸ, ಮಹೋದಯರೇ. ಸ್ವಲ್ಪ ಕುರಿಯೂ ಇದೆ" ಎಂದಳು ಈಕಾ. ಅಪ್ಪಾಸಾಹೇಬರು ಅತ್ತ ಇತ್ತ ನೋಡಿ, ನುಂಗಿ, ಗಂಭೀರವಾಗಿ "ಅಣಬಿ" ಎಂದರು. "ಹೌದ್ರಿ, ಅಣಬಿನ. ನನಗ ವಾಸನಿ ಮ್ಯಾಲೆ ತಿಳೀತು" ಎಂದ ಪೇಂಡಸೆ. ಮೂರು ದಿನ ನೆನೆಸಿದ ಅವಲಕ್ಕಿ ತಿಂದ ಹೊಟ್ಟೆ ಅದು. ಅಪ್ಪಾಸಾಹೇಬರು ಒಂದರ ಮೇಲೊಂದರಂತೆ ಹನ್ನೊಂದು ಅಣಬೆ ತಿಂದರು. ಆದರೆ ಖಿಂಕಾಲಿ ಚಾಡಿಕೋರ ತಿಂಡಿ. ಹನ್ನೊಂದು ಜುಟ್ಟು ತಟ್ಟೆಯಲ್ಲಿ ಉಳಿದುಬಿಟ್ಟವು. ಉತ್ಸವದ ಫೋಟೋದವನು ಬರುವುದನ್ನು ಕಂಡ ಪೇಂಡಸೆ ತಟ್ಟನೆ ಆ ತಟ್ಟೆಯನ್ನೆತ್ತಿ ಮೇಜಿನ ತುದಿಯಲ್ಲಿ ಭಿಕಾಜಿ ಬಿಟ್ಟುಹೋದ ಜಾಗದಲ್ಲಿಟ್ಟು, ಅವನ ಖಾಲಿ ತಟ್ಟೆಯನ್ನು ಸಾಹೇಬರ ಮುಂದಿಟ್ಟ.

ಸಂಜೆ ಏಳಕ್ಕೆ ನಾಟಕ. ಥಿಯೇಟರು ತುಂಬಿತ್ತು. ಬೆಳಗಿನಿಂದ ಏನೂ ತಿನ್ನದ ಭಿಕಾಜಿ ಮೂರನೇ ಅಂಕದ ಹೊತ್ತಿಗೆ ಕಂಬಕ್ಕೆ ಒರಗಿ ಪುಸ್ತಕ ಹಿಡಿದಿದ್ದ. ಅದನ್ನು ಕಂಡ ನಾನುಲಿ ಮುದುಕಿ ಒಲೆಯಿಂದ ಆಗಷ್ಟೇ ತೆಗೆದ ಖಾಚಾಪುರಿಯ ತುಂಡನ್ನು ವಿಂಗಿಗೇ ತಂದುಕೊಟ್ಟಳು. ಭಿಕಾಜಿ ಅವಸರ ಮಾಡಲಿಲ್ಲ. ಮೂವತ್ತೊಂದು ವರ್ಷದ ಅನುಭವಸ್ಥ. ರಾಣಿಯ ವಿಲಾಪ ಶುರುವಾದರೆ ಎಂಟು ನಿಮಿಷ ರಾಜನಿಗೆ ಮಾತಿಲ್ಲ, ಆಗ ತಿಂದರಾಯಿತೆಂದು ಕಾದ. ಸುನೇತ್ರಾ ಮಂಡಿಯೂರಿದಳು. ಭಿಕಾಜಿ ದೊಡ್ಡ ತುತ್ತನ್ನು ಬಾಯಿಗಿಟ್ಟ.

ಆದರೆ ದ್ರಾಕ್ಷಾಸವ ತನ್ನ ಗುಣ ತೋರಿಸಿತು. ಅಪ್ಪಾಸಾಹೇಬರು ವಿಲಾಪದ ಎರಡು ಪುಟ ಹಾರಿ, ಬಾಯಿ ತೆರೆದಿದ್ದ ರಾಣಿಯನ್ನು ಪಕ್ಕಕ್ಕೆ ಸರಿಸಿ, ಮಗನ ಹೆಣದ ಮುಂದೆ ನಿಂತು "ಮಗನೇ" ಎಂದರು. ಅಲ್ಲಿಂದ ಮುಂದೆ ರಕ್ತದಲ್ಲಿ ಏನೂ ಇರಲಿಲ್ಲ. ಮೆಲ್ಲಗೆ ವಿಂಗಿನ ಕಡೆ ಕಣ್ಣು ಹೊರಳಿಸಿದರು.

ವಿಂಗಿನಲ್ಲಿ ಭಿಕಾಜಿಯ ಬಾಯೊಳಗೆ ಕುದಿಯುವ ಚೀಸು ಅಂಗುಳಕ್ಕೆ ಅಂಟಿತ್ತು. ಉಗುಳಲು ನೋಡಿದ, ಎಳೆ ಎಳೆಯಾಗಿ ಗಲ್ಲದವರೆಗೆ ಇಳಿಯಿತೇ ಹೊರತು ಬಿಡಲಿಲ್ಲ. ನುಂಗಲು ನೋಡಿದ, ಗಂಟಲು ಸುಟ್ಟಿತು. "ಹೂಂ, ಹೂಂ" ಎಂದ. ಅದು ನಾಟಕದ ಮಾತಾಗಿರಲಿಲ್ಲ.

ಅಪ್ಪಾಸಾಹೇಬರು ಮೇಲೆ ನೋಡಿದರು. ಕೆಳಗೆ ನೋಡಿದರು. ಬೆವರು ಇಳಿಯಿತು, ಹೆದರಿಕೆಗೆ ಗಲ್ಲ ನಡುಗಿತು, ಕಣ್ಣಲ್ಲಿ ನಿಜವಾದ ನೀರು ಬಂತು. ಇಪ್ಪತ್ತೆರಡು ವರ್ಷದಲ್ಲಿ ಬಾರದ ನೀರು. ಒಂದು ನಿಮಿಷ ಕಳೆಯಿತು. ಮುಂದಿನ ಸಾಲಿನಲ್ಲಿ ಯಾರೋ ಮುದುಕಿ ಬಿಕ್ಕಿದಳು. ಅವಳ ಹಿಂದೆ ಇನ್ನೊಬ್ಬಳು. ಭಿಕಾಜಿ ಕಣ್ಣು ಮುಚ್ಚಿ ಕೆಂಡವನ್ನೇ ನುಂಗಿದಂತೆ ನುಂಗಿ, ಸುಟ್ಟ ನಾಲಿಗೆಯಲ್ಲಿ ಮುಂದಿನ ಸಾಲು ಹೇಳಿದ. ಅಪ್ಪಾಸಾಹೇಬರು ಮುಗಿಸಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ನಿಲ್ಲಿಸಲೇ ಇಲ್ಲ.

ಮರುದಿನದ ಪತ್ರಿಕೆಯನ್ನು ಈಕಾ ಓದಿ ಹೇಳಿದಳು: "ಶಬ್ದಗಳು ಸೋತ ಸ್ಥಳದಲ್ಲಿ ಈ ಮಹಾನಟನು ಮೌನವಾಗಿ ನಿಂತನು." ಬೆಳಿಗ್ಗೆ ಭಿಕಾಜಿಯನ್ನು ಕರೆಸಿ ಬೈಯಲು ಸಿದ್ಧರಾಗಿದ್ದ ಅಪ್ಪಾಸಾಹೇಬರು ಅದನ್ನು ಕೇಳಿದ ಮೇಲೆ ಬೈಗುಳವನ್ನು ಮುಂದೂಡಿದರು.

ಮುಂಬಯಿಗೆ ಬಂದ ವಾರದೊಳಗೆ ಆ ಮೌನ ದೊಡ್ಡದಾಯಿತು. ಪತ್ರಿಕೆಯವರಿಗೆ ಅಪ್ಪಾಸಾಹೇಬರು, "ಹನ್ನೊಂದು ದಿನ ಬರೇ ಮೆತಕೂಟ ಅನ್ನ. ಆ ತಪಸ್ಸಿನೊಳಗಿಂದ ಹುಟ್ಟಿದ್ದು ಅದು" ಎಂದರು. ಜಾಹೀರಾತಿನಲ್ಲಿ 'ಪರದೇಶ ಮೆಚ್ಚಿದ ಮೌನ' ಎಂದು ದಪ್ಪಕ್ಷರದಲ್ಲಿ ಬಂತು. ಭಿಕಾಜಿಗೆ ಬಂದದ್ದು ಪೇಂಡಸೆ ಸಹಿ ಮಾಡಿದ ಕಾಗದ. ಔತಣದಲ್ಲಿ ಹನ್ನೊಂದು ಮಾಂಸದ ತಿಂಡಿ ತಿಂದು ಶಿಸ್ತು ಮುರಿದದ್ದರಿಂದ, ಅದು ಸಾಲದೆ ವಿಂಗಿನಲ್ಲೂ ತಿಂದದ್ದರಿಂದ, ಮುಂದಿನ ಮಾರಿಷಸ್ ಪ್ರವಾಸಕ್ಕೆ ಅವನನ್ನು ಕೈಬಿಡಲಾಗಿದೆ. ಸಾಕ್ಷಿಯಾಗಿ ಒಂದು ಫೋಟೋ ಲಗತ್ತಿಸಿತ್ತು. ಮೇಜಿನ ತುದಿ, ಒಂದು ತಟ್ಟೆ, ಹನ್ನೊಂದು ಜುಟ್ಟು.

ಭಿಕಾಜಿ ಆ ಕಾಗದ ಹಿಡಿದು ಗೋಗಟೆಯವರ ಮನೆಗೆ ಹೋದ. ಅವರು ಕನ್ನಡಿಯ ಮುಂದೆ ನಿಂತು ಮೌನದ ತಾಲೀಮು ಮಾಡುತ್ತಿದ್ದರು.

"ಅಪ್ಪಾಸಾಹೇಬ್ರ, ಈ ಹನ್ನೊಂದು ನನ್ನವಲ್ರಿ. ನಾ ತಿಂದದ್ದು ಬ್ಯಾರೇ ಕಡೆ, ಅದೂ ಹದಿನಾರು. ನಾ ತಿಂದದ್ದಕ್ಕ ಶಿಕ್ಷಾ ಕೊಡ್ರಿ, ತಗೋತೀನಿ."

"ಪೇಂಡಸೆ ಬರದದ್ದು ಪೇಂಡಸೆ ನೋಡ್ಕೋತಾನ" ಎಂದರು ಕನ್ನಡಿಯಿಂದ ಕಣ್ಣು ತೆಗೆಯದೆ.

"ಮತ್ತ ಆ ಮೌನ? ನನ್ನ ಬಾಯಾಗ ತುತ್ತು ಇರಲಿಕ್ಕಂದ್ರ ಅದು ಎಲ್ಲಿಂದ ಬರತಿತ್ರಿ?"

ಅಪ್ಪಾಸಾಹೇಬರು ಆಗ ತಿರುಗಿದರು. "ನೀ ತಿಂದಿ. ನಾ ಅಭಿನಯಿಸಿದೆ. ಎರಡರ ನಡುವಿನ ಫರಕು ತಿಳೀದಿದ್ದಕ್ಕ ನೀ ವಿಂಗಿನ್ಯಾಗ ಇದ್ದೀ."

ಭಿಕಾಜಿಗೆ ಸಿಟ್ಟು ಬರುವುದು ಅಪರೂಪ. ಬಂದರೂ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಕಂಕುಳಲ್ಲಿದ್ದ ನಾಟಕದ ಪುಸ್ತಕವನ್ನು, ಅಂಚೆಲ್ಲ ಎಣ್ಣೆ ಕುಡಿದಿದ್ದ ಪುಸ್ತಕವನ್ನು, ಮೇಜಿನ ಮೇಲಿಟ್ಟ. "ಹಂಗಾರ ಇದನ್ನ ಇಟಗೋರಿ. ಮೂರನೇ ಅಂಕದಾಗ ಕೆಂಪು ಗೀಟು ಹಾಕೇನಿ" ಎಂದು ಮೆಟ್ಟಿಲಿಳಿದ. ಪರೇಲಿನ ತನ್ನ ಮನೆಯವರೆಗೆ ನಡೆದೇ ಹೋದ. ಆ ದಿನ ದಾರಿಯಲ್ಲಿ ಯಾವ ಅಂಗಡಿಯ ಮುಂದೆಯೂ ನಿಲ್ಲಲಿಲ್ಲವೆಂದು ಅವನ ಹೆಂಡತಿ ಇಂದಿಗೂ ಹೇಳುತ್ತಾಳೆ.

ಅವನ ಜಾಗಕ್ಕೆ ನಿವೃತ್ತ ಶಾಲಾ ಮಾಸ್ತರೊಬ್ಬರು ಬಂದರು. ಸಾಂಗಲಿಯ ಪ್ರಯೋಗದಲ್ಲಿ ಅಪ್ಪಾಸಾಹೇಬರು "ಮಗನೇ" ಎಂದು ನಿಂತರು. ಮೌನದಲ್ಲಿ ಬಾಯಿ ಹಾಕಬಾರದೆಂದು ಮಾಸ್ತರಿಗೆ ಕಟ್ಟಪ್ಪಣೆಯಾಗಿತ್ತು. ಸಾಹೇಬರು ಕಣ್ಣು ಹೊರಳಿಸಿದರು, ಮಾಸ್ತರು ಭಕ್ತಿಯಿಂದ ಕೈಮುಗಿದು ನಿಂತಿದ್ದರು. ನಾಲ್ಕು ನಿಮಿಷವಾದ ಮೇಲೆ ಬಾಲ್ಕನಿಯಿಂದ ಒಬ್ಬ, "ಅಜ್ಜಾರ, ಮನಿ ವಿಳಾಸರೆ ನೆನಪೈತೇನ್ರಿ?" ಎಂದ. ಪರದೆ ಎಳೆಯಬೇಕಾಯಿತು.

ಆ ಹೊತ್ತಿಗೆ ಸುನೇತ್ರಾ ಕಂಪನಿ ಬಿಟ್ಟು ತನ್ನದೇ ಸಣ್ಣ ತಂಡ ಕಟ್ಟಿದ್ದಳು. ಸೆಟ್ಟಿಗೆ, ಪುಸ್ತಕಕ್ಕೆ ಭಿಕಾಜಿಯೇ. ಸಾಂಗಲಿಯ ಸುದ್ದಿಯನ್ನು ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳಿದಾಗ ಭಿಕಾಜಿ ನಗಲಿಲ್ಲ. "ಪಾಪ, ಮಾಸ್ತರ್ರನ್ನ ಬಿಡಿಸಿರತಾರ" ಎಂದ. ಬಿಡಿಸಿದ್ದರು. ಮರುವಾರ ಮಾಸ್ತರರ ವಿಳಾಸ ಹುಡುಕಿಕೊಂಡು ಹೋಗಿ, ತಂಡಕ್ಕೆ ಕರೆದುಕೊಂಡು ಬಂದ. ಈಗ ವಿಂಗಿನಲ್ಲಿ ಪುಸ್ತಕ ಹಿಡಿಯುವುದು ಮಾಸ್ತರರು. ಭಿಕಾಜಿ ಎರಡೂ ಕೈ ಬಿಡುವಾಗಿಟ್ಟುಕೊಂಡು ಅವರ ಹಿಂದೆ ಸ್ಟೂಲಿನ ಮೇಲೆ ಕುಳಿತು, ಯಾವ ಊರಿಗೆ ಹೋದರೂ ಆ ಊರಿನದನ್ನೇ ತಿನ್ನುತ್ತಾನೆ.