ಪಕ್ಕಕ್ಕೆ ತಿರುಗಿ ಕೂತ ಹಾಲೇಶ

ಸೂರತ್ತಿನ ಉಧನಾದಲ್ಲಿ, ಬಣ್ಣದ ಮಿಲ್ಲುಗಳ ಹಿಂದಿನ ಗಲ್ಲಿಗೆ ಹೋಗಿ ಹಾಲೇಶ ಎಲ್ಲಿದ್ದಾನೆ ಎಂದು ಕೇಳಿದ್ದರೆ ಯಾರೂ ಹೇಳುತ್ತಿರಲಿಲ್ಲ. ‘ಕೂತರಾವಾಳಾ ಭಾಯಿ’ ಎಂದು ಕೇಳಬೇಕಿತ್ತು, ಅಂದರೆ ನಾಯಿಯಣ್ಣ. ಆಗ ಹಾಲಿನವನಿಂದ ಹಿಡಿದು ಇಸ್ತ್ರಿಯವನವರೆಗೆ ಎಲ್ಲರೂ ಕೈ ತೋರಿಸುತ್ತಿದ್ದರು. ಹಾಗಂತ ಅವನು ನಾಯಿ ಸಾಕಿದವನಲ್ಲ. ಬಂದ ಮೊದಲ ತಿಂಗಳಲ್ಲೇ ಕಚ್ಚಿಸಿಕೊಂಡವನು. ಹೆಸರು ಬಂದದ್ದು ಆ ಕಡಿತದಿಂದ. ಅದಕ್ಕೆ ಮರ್ಯಾದೆ ಸೇರಿದ್ದು ಎರಡು ವರ್ಷ ಕಳೆದ ಮೇಲೆ.

ಹಾಲೇಶ ದಾವಣಗೆರೆಯವನು. ಅಲ್ಲಿನ ಗಿರಣಿಯೊಂದರಲ್ಲಿ ಬಟ್ಟೆಗೆ ಬಣ್ಣ ಕಲಸುವ ಕೆಲಸ, ಹನ್ನೊಂದು ವರ್ಷ. ಎರಡು ಸಾವಿರದ ಒಂದರಲ್ಲಿ ಗಿರಣಿ ಬಾಗಿಲು ಹಾಕಿದಾಗ ಜೊತೆಯವರು ಆಟೊ ಹಿಡಿದರು, ಮಂಡಕ್ಕಿ ಭಟ್ಟಿ ಸೇರಿದರು, ಕೈಗೆ ಸಿಕ್ಕಿದ್ದನ್ನು ಮಾಡಿದರು. ಹಾಲೇಶನಿಗೆ ಬಣ್ಣ ಬಿಟ್ಟರೆ ಇನ್ನೊಂದು ಬರುತ್ತಿರಲಿಲ್ಲ, ಕಲಿಯುವ ಹುರುಪೂ ಇರಲಿಲ್ಲ. ಬಟ್ಟೆಯ ಚೂರು ತೋರಿಸಿದರೆ ಸಾಕು, ಇಷ್ಟು ನೀಲಿ, ಇಷ್ಟು ಕೆಂಪು ಎಂದು ಕಣ್ಣಳತೆಯಲ್ಲೇ ಹೇಳುತ್ತಿದ್ದ. ಸೂರತ್ತಿನ ಮಿಲ್ಲೊಂದು ಕರೆಯಿತು, ಹೋದ. ಹೆಂಡತಿ ಹೇಮಲತಾ ದಾವಣಗೆರೆಯಲ್ಲೇ ತವರಿನಲ್ಲಿ ಉಳಿದಳು. ಮದುವೆಯಾಗಿ ಎಂಟು ವರ್ಷ ಕಾದ ಮೇಲೆ ಹುಟ್ಟಿದ ಮಗಳು ಅಪೂರ್ವಾಗೆ ಆಗ ಏಳು ತಿಂಗಳು. ಇನ್ನೂ ಒಂದು ಹಲ್ಲೂ ಮೂಡಿರಲಿಲ್ಲ.

ಅವನನ್ನು ಕಚ್ಚಿದ್ದು ಲಾಲಿ, ಕೆಂಚು ಮೈಯ, ಒಂದು ಕಿವಿ ಹರಿದ ಗಲ್ಲಿಯ ಹೆಣ್ಣು ನಾಯಿ. ಅದು ಅವನ ರೂಮಿನ ಮೆಟ್ಟಿಲ ಮುಂದೆ ನಿಂತು ಬಾಲ ಆಡಿಸುತ್ತಿತ್ತು. ಬಾಲ ಆಡಿಸಿದರೆ ಖುಷಿ ಎಂದು ಲೋಕವೆಲ್ಲ ನಂಬಿದೆ, ಹಾಲೇಶ ಲೋಕಕ್ಕಿಂತ ಬೇರೆಯವನಲ್ಲ. ಬಾಲ ನೆಟ್ಟಗೆ ಮೇಲೆದ್ದು ಬಿಗಿಯಾಗಿ ಸಣ್ಣಗೆ ಆಡುತ್ತಿತ್ತು, ಬಾಯಿ ಮುಚ್ಚಿತ್ತು, ಮೈ ಸೆಟೆದಿತ್ತು. ಇದ್ಯಾವುದನ್ನೂ ನೋಡದೆ ಅವನು ಅದರ ಮೇಲೆ ಬಗ್ಗಿ, ತಲೆ ಸವರಲು ಕೈ ಚಾಚಿದ. ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ದಿನಕ್ಕೊಂದರಂತೆ ಹೊಟ್ಟೆಗೆ ಸೂಜಿ. ತಾನು ಪ್ರೀತಿಯಿಂದ ಕೈ ಚಾಚಿದ್ದೆ, ಅದಕ್ಕೆ ಹೀಗೆ ಮಾಡಿತಲ್ಲ ಎಂದು ಅವನಿಗೆ ಬಹಳ ದಿನ ಬೇಸರವಿತ್ತು.

ಭಾನುವಾರ ಎಸ್‌ಟಿಡಿ ಬೂತಿನಿಂದ ಹೇಮಾಳ ಪಕ್ಕದ ಮನೆಗೆ ಫೋನು ಮಾಡುತ್ತಿದ್ದ. ಹೇಮಾ ಮಾತಾಡಿದ ಮೇಲೆ ಮಗಳ ಕಿವಿಗೆ ರಿಸೀವರ್ ಹಿಡಿಯುತ್ತಿದ್ದಳು. ಮಗು ಮಾತಾಡುತ್ತಿರಲಿಲ್ಲ, ಉಸಿರಾಡುತ್ತಿತ್ತು. ಹಾಲೇಶ ಆ ಉಸಿರನ್ನೇ ಕೇಳುತ್ತಾ ನಿಲ್ಲುತ್ತಿದ್ದ. ಮೀಟರು ಓಡುತ್ತಿದೆ ಎಂದು ಬೂತಿನವನು ಸನ್ನೆ ಮಾಡಿದರೂ ಇಡುತ್ತಿರಲಿಲ್ಲ. ವಾರವಿಡೀ ಬಣ್ಣದ ಹಬೆಯಲ್ಲಿ ನಿಂತವನಿಗೆ ಆ ಉಸಿರೇ ಹಬ್ಬ. ಯಾವಾಗ ಹೋಗಿ ಎತ್ತಿಕೊಂಡೇನು ಎಂದು ಜೀವ ಎಳೆಯುತ್ತಿತ್ತು.

ಮರುವರ್ಷದ ದೀಪಾವಳಿಗೆ ಎಂಟು ದಿನ ರಜೆ ಸಿಕ್ಕಿತು. ಮಗುವಿಗಿಂತ ದೊಡ್ಡ ಗೊಂಬೆ, ಒಂದು ಡಬ್ಬಿ ಸೂರತ್ತಿನ ಸಿಹಿ ಘಾರಿ ಹೊತ್ತು ದಾವಣಗೆರೆಗೆ ಹೋದ. ಹೊಸ್ತಿಲಲ್ಲೇ ಎರಡೂ ಕೈ ಚಾಚಿ, ಹಲ್ಲು ಬಿಟ್ಟು, ಮಗಳ ಮುಖಕ್ಕೆ ಮುಖ ಕೊಟ್ಟು ಬಗ್ಗಿದ. ಕೈಗಳೋ, ಮೊಣಕೈವರೆಗೆ ತೊಳೆದರೂ ಹೋಗದ ನೀಲಿ, ಉಗುರುಗಳಂತೂ ಕಡುನೀಲಿ. ಎರಡು ವರ್ಷದ ಅಪೂರ್ವಾ ಕಿಟಾರನೆ ಕಿರುಚಿ ಅಮ್ಮನ ಸೀರೆಯೊಳಗೆ ಹೊಕ್ಕಳು. ಮನೆಮಂದಿ ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿರಲು ನಮ್ಮವರಿಗೆ ಬರುವುದಿಲ್ಲ. ‘ಹೋಗು, ಅಪ್ಪಾಜಿ ಹತ್ರ ಹೋಗು’ ಎಂದು ಎಂಟು ದಿನವೂ ಒಬ್ಬರಾದ ಮೇಲೆ ಒಬ್ಬರು ಅವಳನ್ನು ಅವನತ್ತ ನೂಕಿದರು. ಅವಳು ಮುಖ ತಿರುಗಿಸುತ್ತಿದ್ದಳು, ತುಟಿ ನೆಕ್ಕುತ್ತಿದ್ದಳು, ನಿದ್ದೆ ಬಾರದಿದ್ದರೂ ಆಕಳಿಸುತ್ತಿದ್ದಳು. ಕೂಸಿಗೆ ಗರ್ವ ಎಂದು ಅತ್ತೆ ನಕ್ಕರು.

ಹೊರಡುವ ದಿನ ಬಸ್‌ಸ್ಟ್ಯಾಂಡಿನಲ್ಲಿ ಹಾಲೇಶನಿಗೆ ತಡೆಯಲಾಗಲಿಲ್ಲ. ಇನ್ನೊಂದು ವರ್ಷ ಸಿಗುವುದಿಲ್ಲ ಎಂದು ಹೇಮಾಳ ಸೊಂಟದಿಂದ ಮಗಳನ್ನು ಕಿತ್ತುಕೊಂಡು ಎದೆಗೆ ಅವುಚಿದ. ಅವಳು ಒಂದು ಕ್ಷಣ ಕೊರಡಾದಳು. ಆಮೇಲೆ ಅವನ ಮಣಿಕಟ್ಟಿಗೆ ಬಾಯಿ ಹಾಕಿ ಕಚ್ಚಿದಳು. ಸುತ್ತ ನಿಂತವರು ನಕ್ಕರು, ಹಾಲೇಶನೂ ನಕ್ಕ. ಬಸ್ಸು ಹರಿಹರ ದಾಟಿದ ಮೇಲೆ ತೋಳು ಮಡಚಿ ನೋಡಿಕೊಂಡ. ಮಗಳಿಗೆ ಹಲ್ಲು ಬಂದದ್ದನ್ನು ಅವನು ಕಂಡಿರಲಿಲ್ಲ. ಈಗ ಮೇಲಿನವು ನಾಲ್ಕು, ಕೆಳಗಿನವು ನಾಲ್ಕು, ಮಣಿಕಟ್ಟಿನ ಮೇಲೆ ಸ್ಪಷ್ಟವಾಗಿ ಮೂಡಿದ್ದವು. ಹುಬ್ಬಳ್ಳಿ ಬರುವಷ್ಟರಲ್ಲಿ ಗುರುತು ಮಾಸಿತು. ಅದು ಮಾಸಿದ್ದಕ್ಕೂ ಅವನಿಗೆ ಸಂಕಟವಾಯಿತು.

ಅದರ ಮುಂದಿನ ದೀಪಾವಳಿಗೆ ರಜೆ ಸಿಕ್ಕರೂ ಅವನು ಊರಿಗೆ ಹೋಗಲಿಲ್ಲ. ಮಿಲ್ಲಿನಲ್ಲಿ ಕೆಲಸ ಜಾಸ್ತಿ ಎಂದು ಫೋನಿನಲ್ಲಿ ಸುಳ್ಳು ಹೇಳಿದ. ಹೆದರಿದ್ದ, ಅಷ್ಟೇ. ತನ್ನನ್ನು ಕಂಡರೆ ಆಗದ ಮಗಳ ಎದುರು ಹೋಗಿ ನಿಲ್ಲುವ ಧೈರ್ಯ ಅವನಿಗೆ ಉಳಿದಿರಲಿಲ್ಲ.

ಆ ಡಿಸೆಂಬರಿನಲ್ಲಿ ಲಾಲಿ ಮರಿ ಹಾಕಿತು. ಹಾಕಿದ್ದು ಹಾಲೇಶನ ಮನೆಯೊಡತಿ ರಜನಿಬೆನ್ ಅವರ ಕಟ್ಟೆಯ ಕೆಳಗಿನ ಸಂದಿಯಲ್ಲಿ, ಐದು ಮರಿ. ಗಲ್ಲಿಯ ನಾಯಿ ಮರಿ ಹಾಕಿದರೆ ಅಲ್ಲಿಯ ಹೆಂಗಸರು ಅದನ್ನು ಬಾಣಂತಿಯೆಂದೇ ಲೆಕ್ಕಕ್ಕೆ ಹಿಡಿಯುತ್ತಾರೆ. ಒಂದು ಮನೆಯಿಂದ ಹಿಟ್ಟು, ಒಂದು ಮನೆಯಿಂದ ತುಪ್ಪ, ಒಂದು ಮನೆಯಿಂದ ಬೆಲ್ಲ ಎತ್ತಿ ಅದಕ್ಕಾಗಿ ಶೀರೋ ಮಾಡುತ್ತಾರೆ, ನಮ್ಮ ಗೋಧಿ ಹಿಟ್ಟಿನ ಸಜ್ಜಿಗೆಯ ಹಾಗೆ. ಹೆಂಗಸರಿಲ್ಲದ ರೂಮು ಎಂದು ಹಾಲೇಶನ ಬಾಗಿಲನ್ನು ಯಾರೂ ತಟ್ಟಲಿಲ್ಲ. ಅವನೇ ಹೇಮಾ ಊರಿನವರ ಕೈಲಿ ಕಳಿಸಿದ್ದ ಬೆಲ್ಲದ ಉಂಡೆ ಹಿಡಿದು ರಜನಿಬೆನ್ ಅಡುಗೆಮನೆಯ ಬಾಗಿಲಿಗೆ ಹೋದ.

ರಜನಿಬೆನ್ ಅರವತ್ತರ ವಿಧವೆ, ಮಾತು ಕಮ್ಮಿ. ಅವರ ಹಿಂದಿ ಅಷ್ಟಕ್ಕಷ್ಟೇ, ಇವನ ಗುಜರಾತಿಯೂ ಅಷ್ಟಕ್ಕಷ್ಟೇ. ಎರಡೂ ಸೇರಿ ಕೆಲಸ ನಡೆಯುತ್ತಿತ್ತು. ಬೆಲ್ಲ ತೆಗೆದುಕೊಂಡು, ಶೀರೋ ಮಾಡಿ, ತಟ್ಟೆಯನ್ನು ಅವನ ಕೈಗೇ ಕೊಟ್ಟರು.

“ನನ್ನ ಮಂಡಿ ಬಗ್ಗಲ್ಲ ಹಾಲೇಶ್‌ಭಾಯಿ. ನೀನೇ ಇಡು.”

“ಅದು ನನ್ನ ಕಚ್ಚಿತ್ತು, ಬೆನ್.”

“ನೀನು ಅವಳ ಮೈಮೇಲೆ ಬಿದ್ದಿದ್ದೆ. ನಾನು ಇಲ್ಲಿಂದಲೇ ನೋಡಿದ್ದೆ.”

ಎರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಮಾತನ್ನು ಆ ಮುದುಕಿ ಇಷ್ಟು ಸಲೀಸಾಗಿ ಹೇಳಿದರು. ಹಾಲೇಶ ತಟ್ಟೆ ಹಿಡಿದು ಸಂದಿಯ ಮುಂದೆ ಬಗ್ಗಿದ. ಒಳಗಿಂದ ಗುರುಗುಟ್ಟುವ ಸದ್ದು ಬಂತು.

“ಎದುರಿಗೆ ನಿಲ್ಲಬೇಡ,” ಎಂದರು ರಜನಿಬೆನ್ ಮೇಲಿನಿಂದ. “ಕೂತ್ಕೊ. ಪಕ್ಕಕ್ಕೆ ತಿರುಗಿ ಕೂತ್ಕೊ. ಅವಳ ಕಣ್ಣು ನೋಡಬೇಡ, ರಸ್ತೆ ನೋಡು. ತಟ್ಟೆ ಇಟ್ಟು ಕೈ ತೆಗಿ. ಬೇಕಾದಾಗ ಅವಳೇ ಬರ್ತಾಳೆ.”

“ಎಷ್ಟೊತ್ತು?”

“ಅದು ಅವಳ ಇಷ್ಟ. ನಿನ್ನದಲ್ಲ.”

ಅವತ್ತು ಲಾಲಿ ಹೊರಗೆ ಬರಲಿಲ್ಲ. ಹಾಲೇಶ ಎದ್ದು ಹೋದ ಮೇಲೆ ತಟ್ಟೆ ಖಾಲಿಯಾಯಿತು. ಮರುದಿನವೂ ಶಿಫ್ಟು ಮುಗಿಸಿ ಬಂದು ಕೂತ. ಒಂದು ವಾರ ಕೂತ. ಕೆಲಸವಿಲ್ಲದವನು ಎಂದು ಗಲ್ಲಿಯವರು ಆಡಿಕೊಂಡರು. ಓರೆಗಣ್ಣಲ್ಲಿ ನೋಡುತ್ತಾ ಅವನಿಗೆ ಒಂದೊಂದೇ ತಿಳಿಯತೊಡಗಿತು. ಅವನು ಸ್ವಲ್ಪ ಹತ್ತಿರ ಜರುಗಿದರೆ ಲಾಲಿ ತುಟಿ ನೆಕ್ಕುತ್ತಿತ್ತು. ಇನ್ನೂ ಜರುಗಿದರೆ ಮುಖ ಅತ್ತ ತಿರುಗಿಸಿ, ಕಣ್ಣಿನ ಬಿಳುಪು ಕಾಣುವಂತೆ ಇತ್ತ ನೋಡುತ್ತಿತ್ತು. ಆಕಳಿಸುತ್ತಿತ್ತು, ನಿದ್ದೆಗಲ್ಲ. ಅಷ್ಟಾದರೂ ಹಿಂದೆ ಸರಿಯದಿದ್ದರೆ ಮೈಯನ್ನು ಕಲ್ಲು ಮಾಡಿಕೊಳ್ಳುತ್ತಿತ್ತು. ಹಲ್ಲಿನ ಮಾತು ಎಲ್ಲಕ್ಕಿಂತ ಕೊನೆಗೆ. ಅದಕ್ಕೆ ಮೊದಲು ಅದು ನಾಲ್ಕು ಸಲ ‘ಸಾಕು, ದೂರ ಇರು’ ಎಂದು ಕೈಮುಗಿದಿರುತ್ತಿತ್ತು.

ಒಂದು ಸಂಜೆ ಲಾಲಿ ಹೀಗೆ ಆಕಳಿಸಿದಾಗ ಹಾಲೇಶನಿಗೆ ದಾವಣಗೆರೆಯ ಪಡಸಾಲೆ ಕಣ್ಣ ಮುಂದೆ ಬಂತು. ತುಟಿ ನೆಕ್ಕಿದ್ದು, ಮುಖ ತಿರುಗಿಸಿದ್ದು, ಆಕಳಿಸಿದ್ದು, ಕೊರಡಾದದ್ದು. ಎಂಟು ದಿನವೂ ಮಗಳು ಅವನಿಗೆ ಹೇಳುತ್ತಲೇ ಇದ್ದಳು. ಗರ್ವವಲ್ಲ, ದ್ವೇಷವಲ್ಲ, ಬರೀ ಹೆದರಿಕೆ. ಅವನು ರಸ್ತೆ ನೋಡುತ್ತಾ ಕೂತಲ್ಲೇ ಅತ್ತ. ಲಾಲಿ ಯಾವಾಗ ಹೊರಗೆ ಬಂದಿತೋ ಅವನಿಗೆ ತಿಳಿಯಲಿಲ್ಲ. ಒದ್ದೆ ಮೂಗೊಂದು ಮೊಣಕೈಯನ್ನು ಮೂಸಿ, ಪಕ್ಕದ ತಟ್ಟೆಗೆ ಬಾಯಿ ಹಾಕಿತು.

ಗಲ್ಲಿಯಲ್ಲಿ ಅವನ ಬೆಲೆ ಏರಿದ್ದು ಆಮೇಲೆ. ಮಕ್ಕಳನ್ನು ಅಟ್ಟಿಸಿಕೊಂಡು ಹೋಗುವ ನಾಯಿ, ಮೂಲೆ ಸೇರಿ ಯಾರಿಗೂ ಬಗ್ಗದ ನಾಯಿ, ಯಾವುದಕ್ಕೂ ಹಾಲೇಶ್‌ಭಾಯಿಯನ್ನು ಕರೆಯತೊಡಗಿದರು. ಅವನು ಮಾಡುತ್ತಿದ್ದುದು ಒಂದೇ, ದೂರದಲ್ಲಿ ಪಕ್ಕಕ್ಕೆ ತಿರುಗಿ ಕೂರುವುದು. ಮಂತ್ರ ಗೊತ್ತು ಎಂದೂ ಕೆಲವರು ಹೇಳಿದರು.

ಏಪ್ರಿಲಿನ ಒಂದು ಭಾನುವಾರ ಹೇಮಾ ಫೋನಿನಲ್ಲಿ ಖಡಾಖಂಡಿತವಾಗಿ ಮಾತಾಡಿದಳು.

“ಮೇ ತಿಂಗ್ಳಾಗೆ ಬರ್ತೀವ್ರಿ, ಇಪ್ಪತ್ತು ದಿನ ಇರ್ತೀವಿ. ಅವಳು ನಿಮ್ಗೆ ಹೊಂದ್ಕೊಂಡ್ರೆ ಜೂನಿಗೆ ಅಲ್ಲೇ ಬಾಲವಾಡಿಗೆ ಹಾಕೋಣ. ಇಲ್ಲಾಂದ್ರೆ ನಾವ್ ಇಲ್ಲೇ ಇರ್ತೀವಿ. ಅಪ್ಪನ್ನ ಕಂಡ್ರೆ ಹೆದರೋ ಕೂಸನ್ನ ಗುರ್ತಿಲ್ಲದ ಊರಿಗೆ ತಂದು ನಾನೇನ್ ಮಾಡ್ಲಿ?”

“ಆತು,” ಎಂದ ಹಾಲೇಶ. “ಒಂದು ಮಾತು ಹೇಮಾ. ಅವಳಿಗೆ ಅಪ್ಪನ ಹತ್ರ ಹೋಗು ಅಂತ ಮಾತ್ರ ಹೇಳ್ಬ್ಯಾಡ.”

ಸೂರತ್ ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ ಹೇಮಾ ಇಳಿದು ಗಂಡನಿಗಾಗಿ ಸುತ್ತ ನೋಡಿದಳು. ಹಾಲೇಶ ನಾಲ್ಕು ಮಾರು ಆಚೆ, ಕಂಬದ ಬುಡದಲ್ಲಿ ಕುಕ್ಕುರುಗಾಲಲ್ಲಿ ಕೂತು ಹಳಿ ನೋಡುತ್ತಿದ್ದ. ಮೂರೂವರೆ ವರ್ಷದ ಮಗಳು ಹೇಗಾಗಿದ್ದಾಳೆ ಎಂದು ಕಣ್ಣು ಒಂದೇ ಸಮ ಎಳೆಯುತ್ತಿತ್ತು. ಕತ್ತು ತಿರುಗಿಸಲಿಲ್ಲ. ಅಂಥ ಕಷ್ಟದ ಕೆಲಸವನ್ನು ಅವನು ಯಾವ ಮಿಲ್ಲಿನಲ್ಲೂ ಮಾಡಿರಲಿಲ್ಲ. ಹೇಮಾಗೆ ಗಂಡನಿಗೆ ತಲೆ ಕೆಟ್ಟಿದೆ ಅನಿಸಿತು, ಬಾಯಿ ಬಿಟ್ಟು ಹೇಳಿಯೂಬಿಟ್ಟಳು. ಅವನು ಚೀಲ ಎತ್ತಿಕೊಂಡು ಮುಂದೆ ನಡೆದ.

ದಿನಗಳು ಹೋದವು. ಸಂಜೆ ಶಿಫ್ಟು ಬಿಟ್ಟು ಬಂದವನು ಕೈತೊಳೆದು ಕಟ್ಟೆಯ ಹತ್ತಿರ ಲಾಲಿಯ ಪಕ್ಕ ಕೂರುತ್ತಿದ್ದ. ಮರಿಗಳಲ್ಲಿ ಒಂದೇ ಉಳಿದಿತ್ತು, ಕರಿ ಮೂತಿಯದು. ಅಪೂರ್ವಾ ರೂಮಿನ ಬಾಗಿಲಲ್ಲಿ ಅಮ್ಮನ ಸೆರಗು ಹಿಡಿದು ನಿಂತು ನೋಡುತ್ತಿದ್ದಳು. ಆರನೇ ದಿನ ಸೆರಗು ಬಿಟ್ಟಳು. ಒಂಬತ್ತನೇ ದಿನ ಮೆಟ್ಟಿಲ ಮೇಲೆ ಕೂತಳು. ಹನ್ನೆರಡನೇ ದಿನ ಹಾಲೇಶ ಅಪ್ಪಿತಪ್ಪಿ ತಿರುಗಿ ನೋಡಿ ನಕ್ಕುಬಿಟ್ಟ. ಅವಳು ತುಟಿ ನೆಕ್ಕಿ ಒಳಗೋಡಿದಳು. ಎರಡು ದಿನ ಹೊರಗೇ ಬರಲಿಲ್ಲ. ಹೇಮಾ ಬಟ್ಟೆ ಮಡಚುವಾಗ ಆರಿದ್ದನ್ನೆಲ್ಲ ಒಂದೊಂದಾಗಿ ಚೀಲಕ್ಕೇ ತುಂಬತೊಡಗಿದಳು. ಅವನು ಅದನ್ನೂ ಓರೆಗಣ್ಣಲ್ಲಿ ನೋಡಿದ.

ಹದಿನೆಂಟನೇ ಸಂಜೆ ಹಾಲೇಶ ಎಂದಿನಂತೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಹಿಂದೆ ಪುಟ್ಟ ಚಪ್ಪಲಿಯ ಸದ್ದಾಯಿತು, ನಿಂತಿತು, ಮತ್ತೆ ಆಯಿತು. ಅವಳು ಅವನಿಂದ ಒಂದು ಗೇಣು ದೂರದಲ್ಲಿ, ಅವನ ಹಾಗೆಯೇ ಪಕ್ಕಕ್ಕೆ ತಿರುಗಿ ಕೂತಳು. ಇಬ್ಬರೂ ಗೋಡೆ ನೋಡಿದರು. ಲಾಲಿ ಎದ್ದು ಬಂದು ಮಗುವಿನ ಮೊಣಕೈಯನ್ನು ಮೂಸಿತು. ಬಾಲ ಕೆಳಗೆ ಸಡಿಲವಾಗಿ, ಸೊಂಟದ ಸಮೇತ ಆಡುತ್ತಿತ್ತು.

“ಕಚ್ತದಾ?” ಫೋನಿನಲ್ಲಿ ಉಸಿರಾಗಿದ್ದ ಮಗಳು ಅವನಿಗೆ ಆಡಿದ ಮೊದಲ ಮಾತು ಅದು.

“ಇಲ್ಲವ್ವ,” ಎಂದ ಗೋಡೆಗೆ. “ಹೆದರಿಸಿದ್ರೆ ಮಾತ್ರ.”

ಅವಳ ಒಂದು ಬೆರಳು ಬಂದು ಅವನ ಹೆಬ್ಬೆರಳಿನ ನೀಲಿ ಉಗುರನ್ನು ಉಜ್ಜಿ ನೋಡಿತು.

“ಇದ್ಯಾಕೆ ಹೋಗಲ್ಲ?”

“ಗೊತ್ತಿಲ್ಲವ್ವ. ಎಷ್ಟು ತಿಕ್ಕಿದ್ರೂ ಹೋಗಲ್ಲ.”

ಅವಳು ಇನ್ನಷ್ಟು ತಿಕ್ಕಿದಳು. ಅವನ ಕಣ್ಣೀರು ಗಲ್ಲಕ್ಕಿಳಿಯಿತು. ಒರೆಸಲು ಕೈ ಎತ್ತಿದರೆ ಅವಳ ಬೆರಳು ತಪ್ಪೀತು ಎಂದು ಹಾಗೇ ಬಿಟ್ಟ. ಬಾಗಿಲಲ್ಲಿ ನಿಂತಿದ್ದ ಹೇಮಾ ಮಡಚಿದ ಬಟ್ಟೆ ಹಿಡಿದುಕೊಂಡೇ ಬಹಳ ಹೊತ್ತು ನಿಂತಳು.

ಟಿಕೆಟು ಮೊದಲೇ ಆಗಿತ್ತು, ಇಪ್ಪತ್ತನೇ ದಿನ ಹೊರಡಲೇಬೇಕಿತ್ತು. ಗಾಡಿಯಲ್ಲಿ ಸಾಮಾನು ಇಟ್ಟು ಹಾಲೇಶ ಕೆಳಗಿಳಿದು ಕಿಟಕಿಯ ಬಳಿ ನಿಂತ. ಪಕ್ಕಕ್ಕೆ ತಿರುಗಿಯೇ ನಿಂತ, ಕೈಯನ್ನು ಕಿಟಕಿಯ ಕಟ್ಟೆಯ ಮೇಲೆ ಸುಮ್ಮನೆ ಇಟ್ಟಿದ್ದ.

“ಜೂನ್ ಹದಿನೈದರೊಳಗೆ ಬರ್ತೀವಿ,” ಎಂದಳು ಹೇಮಾ ಒಳಗಿನಿಂದ. “ಎರಡು ರೂಮಿಂದು ನೋಡಿಡ್ರಿ. ಅದೇ ಗಲ್ಲ್ಯಾಗೇ ನೋಡ್ರಿ, ಬ್ಯಾರೆ ಕಡೆ ಆದ್ರೆ ಇವಳು ಬರಲ್ಲ.”

ಗಾಡಿ ಸೀಟಿ ಹಾಕಿತು. ಕಿಟಕಿಯ ಸರಳಿನ ಸಂದಿಯಿಂದ ಪುಟ್ಟ ಕೈಯೊಂದು ಬಂದು ಅವನ ನೀಲಿ ಬೆರಳನ್ನು ಹಿಡಿಯಿತು. ಆಗ ಹಾಲೇಶ ತಿರುಗಿದ. ಮೂರು ವರ್ಷದಲ್ಲಿ ಮೊದಲ ಸಲ ಮಗಳ ಮುಖವನ್ನು ಎದುರಿನಿಂದ, ಕಣ್ತುಂಬ ನೋಡಿದ. ಅವಳು ಮುಖ ತಿರುಗಿಸಲಿಲ್ಲ. ಗಾಡಿ ಅಲುಗಿತು, ಅವನು ಜೊತೆಗೆ ನಡೆದ, ಆಮೇಲೆ ಓಡಿದ. ಅವಳು ಬಿಡಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಅಂದು ಅವಳನ್ನು ಕಿತ್ತುಕೊಂಡವನು, ಇಂದು ಪ್ಲಾಟ್‌ಫಾರ್ಮ್ ಮುಗಿಯುವ ಮೊದಲು ಅವಳ ಬೆರಳುಗಳನ್ನು ಒಂದೊಂದಾಗಿ ತಾನೇ ಬಿಡಿಸಬೇಕಾಯಿತು.